ಹಿಮ್ಮಡಿಯ ನೋವು ಮತ್ತು ಗೃಹೋಪಚಾರ



ಬಂಗಾರಪೇಟೆಯ ರೈಲುನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ, ಮಾರಿಕುಪ್ಪಂ ಕಡೆಯಿಂದ ಬರುವ ಗಾಡಿಯ ಜನಸಂದಣಿಯನ್ನು ನಾವು ವರ್ಣಿಸಿ ಹೇಳಬೇಕಾದುದಿಲ್ಲ. ೧೮೯೪ರಲ್ಲಿ ಚಿನ್ನದ ಗಣಿಗಳಿಗಾಗಿ ತೆರೆದ ಆ ಕವಲುದಾರಿಯು, ೨೦೦೧ರ ಫೆಬ್ರವರಿ ಕೊನೆಯಲ್ಲಿ ಗಣಿಗಳು ಮುಚ್ಚಿದ ತರುವಾಯ, ಕೆಲಸವನ್ನರಸಿ ಬೆಂಗಳೂರಿಗೆ ಹೋಗಿಬರುವವರ ದಾರಿಯಾಗಿ ಪರಿಣಮಿಸಿದೆ. ಸುಮಾರು ೭೦ ಕಿಲೋಮೀಟರುಗಳನ್ನು ನಿಂತೇ ಹೋಗಿ, ಹಗಲೆಲ್ಲ ನಿಂತೇ ದುಡಿದು, ನಿಂತೇ ಮರಳುವವರು ಅವರಲ್ಲಿ ಎಷ್ಟೋ ಮಂದಿ. ನಾವೂ ಕಪ್ಪುಹಲಗೆಯ ಮುಂದೆ ನಿಂತು ಅನ್ನ ಸಂಪಾದಿಸುವವರೇ ಆದಕಾರಣ, ಹಿಮ್ಮಡಿಯ ನೋವೆಂಬುದು ನಮಗೆ ಕೇವಲ ಗ್ರಂಥಗಳಿಂದ ತಿಳಿದುಬಂದ ವಿಷಯವಲ್ಲ.

ಈ ನೋವಿನ ಲಕ್ಷಣವು ವಿಚಿತ್ರವಾದುದು. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಕಾಲು ಬೆಳಗ್ಗೆ ನೆಲಕ್ಕೆ ತಾಗಿದೊಡನೆ ಮೊಳೆ ಚುಚ್ಚಿದಂತಾಗುತ್ತದೆ. ಹತ್ತು ಹೆಜ್ಜೆ ನಡೆದರೆ ತಗ್ಗುತ್ತದೆ. ಸಂಜೆಗೆ ಮರಳಿ ಬರುತ್ತದೆ. ಕಾರಣವಿಷ್ಟೆ: ಹಿಮ್ಮಡಿಯ ಎಲುಬಿನಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿಯಾದ ನಾರಿನ ಪಟ್ಟಿಯೊಂದು ಹಬ್ಬಿದೆ. ಪಾದದ ಕಮಾನನ್ನು ಬಿಲ್ಲೆಂದು ಭಾವಿಸಿದರೆ ಇದೇ ಅದರ ಹೆದೆ. ಅತಿಯಾದ ಭಾರದಿಂದಲೂ ಬಹುಕಾಲ ನಿಲ್ಲುವುದರಿಂದಲೂ ಇದರ ಬುಡವು ಸವೆಯುತ್ತದೆ. ನಿದ್ರೆಯಲ್ಲಿ ಪಾದವು ಕೆಳಕ್ಕೆ ಬಾಗಿ ಪಟ್ಟಿಯು ಸಡಿಲವಾಗಿದ್ದು, ಎದ್ದೊಡನೆ ಒಮ್ಮೆಗೇ ಸೆಳೆಯಲ್ಪಡುವುದರಿಂದ ಆ ಮೊದಲ ಹೆಜ್ಜೆ ಅಷ್ಟು ಕ್ರೂರವಾಗಿರುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಎಲುಬಿನ ಮುಳ್ಳೊಂದು ಕಂಡಿತೆಂದು ಹಲವರು ಗಾಬರಿಗೊಳ್ಳುತ್ತಾರೆ. ನೋವೇ ಇಲ್ಲದ ಅನೇಕರಲ್ಲಿಯೂ ಅಂಥ ಮುಳ್ಳು ಇರುವುದುಂಟು. ಅದನ್ನೇ ಅಪರಾಧಿಯೆಂದು ತೀರ್ಮಾನಿಸಬೇಕಾಗಿಲ್ಲ.

ನಮ್ಮ ಸೀಮೆಯ ಮನೆಮದ್ದೆಂದರೆ ಇಟ್ಟಿಗೆಯನ್ನು ಕಾಯಿಸಿ, ಅದರ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿಯಿಂದ ಒತ್ತುವುದು. ನಾವೂ ಮಾಡಿದೆವು. ಬಿಸಿಗೆ ತುಸು ಹಿತವೆನಿಸಿತೆಂಬುದನ್ನು ಅಲ್ಲಗಳೆಯಲಾರೆವು. ಮರುದಿನದ ಮೊದಲ ಹೆಜ್ಜೆ ಮಾತ್ರ ಹಿಂದಿನಂತೆಯೇ ಇತ್ತು. ಆದರೆ ನಮ್ಮ ನೆರೆಯಲ್ಲಿದ್ದ ಹಿರಿಯರೊಬ್ಬರ ವಿಷಯ ಬೇರೆಯಾಯಿತು. ಬಹುವರ್ಷ ಗಣಿಯೊಳಗೆ ದುಡಿದವರು, ಸಕ್ಕರೆ ಕಾಯಿಲೆಯಿದ್ದಿತು. ನಮ್ಮ ಮಾತನ್ನು ಕೇಳಿಯೇ ಅವರೂ ಇಟ್ಟಿಗೆ ಕಾಯಿಸಿದರು. ಪಾದದ ಸ್ಪರ್ಶಜ್ಞಾನ ಕುಂದಿದ್ದುದರಿಂದ ಚರ್ಮವು ಬೆಂದುದು ಅವರಿಗೆ ತಿಳಿಯಲಿಲ್ಲ. ಹಾಸಿಗೆಯ ಬಟ್ಟೆಯಲ್ಲಿ ಕಲೆ ಕಂಡ ಮೇಲೆ ಮಗಳು ಗುರುತಿಸಿದಳು. ಆ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲವೆಂಬುದೇ ನಮಗೆ ಇಂದಿಗೂ ಭಾರವಾಗಿದೆ. ಆದುದರಿಂದ ಸಕ್ಕರೆ ಕಾಯಿಲೆಯವರೂ, ಪಾದ ಜೋಮು ಹಿಡಿದವರೂ, ಕಾಯಿಸಿದ ಇಟ್ಟಿಗೆಯನ್ನಾಗಲಿ ಮಂಜುಗಡ್ಡೆಯನ್ನಾಗಲಿ ಮುಟ್ಟದೆ ವೈದ್ಯರನ್ನೇ ಕಾಣತಕ್ಕದ್ದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯವೆಂಬುದನ್ನೂ ಮರೆಯಬಾರದು.

ಇನ್ನು ಮಾಡತಕ್ಕ ಉಪಚಾರ. ಬೆಳಗ್ಗೆ ಕಾಲನ್ನು ನೆಲಕ್ಕೆ ಊರುವ ಮುನ್ನವೇ, ಹಾಸಿಗೆಯ ಮೇಲೆ ಕುಳಿತು, ನೋಯುವ ಕಾಲನ್ನು ಮತ್ತೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಮೊಳಕಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಸರಿಯಾಗಿ ಎಳೆದಿದ್ದರೆ ಅಂಗಾಲಿನ ಪಟ್ಟಿಯು ತಂತಿಯಂತೆ ಬಿಗಿದಿರುವುದು ಹೆಬ್ಬೆರಳಿಗೆ ತಾಕುತ್ತದೆ. ಹೀಗೆ ಹತ್ತು ಸಲ, ದಿನಕ್ಕೆ ಮೂರಾವರ್ತಿ. ೨೦೦೩ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮೀನಖಂಡವನ್ನು ಮಾತ್ರ ಹಿಗ್ಗಿಸಿದವರಿಗಿಂತ ಹೀಗೆ ಮಾಡಿದವರಿಗೆ ಎಂಟು ವಾರಗಳಲ್ಲಿ ಹೆಚ್ಚು ಗುಣ ಕಂಡಿತು.

ಎರಡನೆಯದು ಡೆನ್ಮಾರ್ಕಿನವರ ಕ್ರಮ. ಸುರುಳಿ ಸುತ್ತಿದ ಟವಲನ್ನು ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗಿಟ್ಟು, ಗೋಡೆ ಹಿಡಿದು, ಮೂರು ಸೆಕೆಂಡು ಹಿಮ್ಮಡಿಯನ್ನೆತ್ತಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡು ಇಳಿಸುವುದು. ದಿನ ಬಿಟ್ಟು ದಿನ ಸಾಕು. ಮೂರು ತಿಂಗಳಿಗೆ ಇದು ಹಿಗ್ಗಿಸುವ ಕ್ರಮಕ್ಕಿಂತ ಮೇಲಾಗಿ ಕಂಡಿತಾದರೂ, ವರ್ಷದ ಕೊನೆಗೆ ಎರಡೂ ಸಮವಾದವು.

ಮನೆಯೊಳಗೆ ಬರಿಗಾಲಿನಲ್ಲಿ ನಡೆಯುವುದು ನಮ್ಮ ಸಂಪ್ರದಾಯ. ಮಣ್ಣಿನ ನೆಲವಿದ್ದ ಕಾಲದ ಮಾತದು; ಸಿಮೆಂಟು, ಗ್ರಾನೈಟು ನೆಲಗಳ ಮೇಲೆ ಅದನ್ನು ಸಾಧಿಸುವುದು ಹಿಮ್ಮಡಿಗೆ ಮಾಡುವ ಅನ್ಯಾಯ. ಹೊರಗೆ ಎಂದಿಗೂ ಮೆಟ್ಟದ ಮೆತ್ತನೆಯ ಪಾದರಕ್ಷೆಯೊಂದನ್ನು ಮನೆಗೆಂದೇ ಇಟ್ಟುಕೊಂಡರೆ, ಅಡಿಗೆಮನೆಯ ಮಡಿಗೂ ಭಂಗ ಬಾರದು. ನಮ್ಮ ತಾಯಿಯವರನ್ನು ಒಪ್ಪಿಸಲು ಮಾತ್ರ ಎರಡು ವಾರ ಬೇಕಾಯಿತು. ಸವೆದು ಚಪ್ಪಟೆಯಾದ ಹವಾಯಿ ಚಪ್ಪಲಿ ಬರಿಗಾಲಿಗಿಂತ ಹೆಚ್ಚೇನೂ ಮೇಲಲ್ಲ. ಸಂಜೆ ನೋವು ಹೆಚ್ಚಿದಾಗ, ನೀರು ತುಂಬಿ ಹೆಪ್ಪುಗಟ್ಟಿಸಿದ ಸೀಸೆಗೆ ಬಟ್ಟೆ ಸುತ್ತಿ ಹತ್ತು ನಿಮಿಷ ಅಂಗಾಲಿನಡಿ ಉರುಳಿಸಬಹುದು. ದೇಹದ ತೂಕ ಇಳಿದಷ್ಟೂ ಹಿಮ್ಮಡಿಗೆ ಲಾಭ.

ಪೆಟ್ಟು ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಊತವೂ ಜ್ವರವೂ ಇದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅಥವಾ ತರುಣರಲ್ಲಿ ಹಿಮ್ಮಡಿಯೊಡನೆ ಬೆಳಗಿನ ಹೊತ್ತು ಸೊಂಟವೂ ಬಹುಕಾಲ ಬಿಗಿದುಕೊಳ್ಳುತ್ತಿದ್ದರೆ, ಮನೆಯ ಉಪಚಾರದಲ್ಲಿ ಕಾಲಹರಣ ಮಾಡಬಾರದು. ಸೂಜಿಮದ್ದು ಬೇಗ ಹಿತ ಕೊಡುವುದಾದರೂ, ಪದೇ ಪದೇ ಹಾಕಿಸಿಕೊಂಡರೆ ಆ ಪಟ್ಟಿಯೇ ಹರಿಯುವ ಭಯವುಂಟು.

ಬಹುಮಂದಿಗೆ ಈ ನೋವು ವರ್ಷದೊಳಗೆ ಬಿಡುತ್ತದೆ. ವಾರದೊಳಗೆ ಬಿಡುತ್ತದೆಂದು ಹೇಳುವವರನ್ನು ನಂಬಬೇಡಿ. ನಮಗೆ ಒಂಬತ್ತು ತಿಂಗಳು ಹಿಡಿಯಿತು. ಮೊದಲ ಆರು ವಾರಗಳಲ್ಲಿ ಕಂಡ ಗುಣ ಬಹು ಸ್ವಲ್ಪ. ಎಲ್ಲವನ್ನೂ ಕೈಬಿಡಬೇಕೆಂದು ನಮಗೆ ಅನ್ನಿಸಿದ್ದು ಆಗಲೇ.