ಹುಟ್ಟದ ಶಿಶುವೂ ನಮ್ಮ ಶಾಸನಸಭೆಗಳೂ

(ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಒಂದು ಧರ್ಮಕೇಂದ್ರದ ಚರಿತ್ರೆಯನ್ನು ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು. ಬಡವನ ಮಗುವೆಂದೋ ಸಿರಿವಂತನ ಮಗುವೆಂದೋ ಎಣಿಸದೆ, ಹುಟ್ಟಿಬಂದ ಪ್ರತಿಯೊಂದು ಶಿಶುವಿಗೂ ಅಲ್ಲಿ ಒಂದು ಹೆಸರು, ಒಂದು ಸಾಲು ಮೀಸಲಾಗಿದೆ. ಈ ಶುಭಸಂದರ್ಭದಲ್ಲಿ ನಮಗೆ ವಹಿಸಿರುವ ವಿಷಯವಾದರೋ ಅಂತಹ ಯಾವ ಪುಸ್ತಕದಲ್ಲಿಯೂ ಸೇರದೆ ಹೋದ ಶಿಶುಗಳನ್ನು ಕುರಿತದ್ದು. ಗರ್ಭಪಾತವನ್ನು ಎಲ್ಲಿಯವರೆಗೆ ಅನುಮತಿಸಬೇಕು, ಎಲ್ಲಿ ತಡೆಯಬೇಕು ಎಂಬ ಬಗ್ಗೆ ನಮ್ಮ ದೇಶದ ಶಾಸನಸಭೆಗಳಲ್ಲಿ ನಡೆದ ಚರ್ಚೆಯನ್ನು ವಿಶ್ವಾಸಿಗಳಾಗಿಯೂ ಪ್ರಜೆಗಳಾಗಿಯೂ ಅರಿತುಕೊಳ್ಳುವುದು ನಮ್ಮ ಕರ್ತವ್ಯವಾಗಿದೆ.

1860ರ ಭಾರತೀಯ ದಂಡ ಸಂಹಿತೆಯ 312ನೆಯ ಕಲಮಿನ ಪ್ರಕಾರ, ತಾಯಿಯ ಪ್ರಾಣವನ್ನು ಉಳಿಸುವ ಸದುದ್ದೇಶದ ಹೊರತು ಗರ್ಭಪಾತ ಮಾಡಿಸುವುದು ಅಪರಾಧವಾಗಿತ್ತು. ತಾನೇ ಮಾಡಿಕೊಂಡ ಸ್ತ್ರೀಯೂ ಶಿಕ್ಷೆಗೆ ಗುರಿಯಾಗುತ್ತಿದ್ದಳು. ಆದರೆ ಶಿಕ್ಷೆಯ ಭಯವು ಗರ್ಭಪಾತವನ್ನು ನಿಲ್ಲಿಸಲಿಲ್ಲ. ಅದನ್ನು ಕತ್ತಲೆಗೆ ತಳ್ಳಿತು. ಅನನುಭವಿಗಳ ಕೈಯಲ್ಲಿ ಅನೇಕ ತಾಯಂದಿರು ಪ್ರಾಣ ಕಳೆದುಕೊಂಡರು. ಈ ಪರಿಸ್ಥಿತಿಯನ್ನು ಪರಿಶೀಲಿಸಲು 1964ರಲ್ಲಿ ಶಾಂತಿಲಾಲ್ ಷಾ ಅವರ ನೇತೃತ್ವದಲ್ಲಿ ಸಮಿತಿಯೊಂದು ನೇಮಕವಾಗಿ, 1966ರಲ್ಲಿ ವರದಿ ಸಲ್ಲಿಸಿತು. ಅದರ ಫಲವಾಗಿ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯು 1971ರಲ್ಲಿ ಸಂಸತ್ತಿನ ಅಂಗೀಕಾರ ಪಡೆದು, 1972ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 12 ವಾರಗಳವರೆಗೆ ಒಬ್ಬ ವೈದ್ಯರ, 12ರಿಂದ 20 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗೊತ್ತಾದ ಕಾರಣಗಳಿಗಾಗಿ ಗರ್ಭಪಾತವನ್ನು ಈ ಶಾಸನವು ಅನುಮತಿಸಿತು.

ತಾಯಂದಿರ ಪ್ರಾಣದ ಬಗ್ಗೆ ಆ ಕಾಲದ ಶಾಸಕರಿಗಿದ್ದ ಕಳವಳ ಸತ್ಯವಾದುದೇ ಎಂದು ನಾವು ಮನಸಾರೆ ಒಪ್ಪಬೇಕು. ಮಾತೆಯ ಗಂಭೀರ ರೋಗಕ್ಕೆ ಚಿಕಿತ್ಸೆ ಮಾಡುವಾಗ, ಉದ್ದೇಶವಿಲ್ಲದೆ ಶಿಶುವು ಅಳಿದರೆ ಅದನ್ನು ಶ್ರೀಸಭೆಯೂ ಶಿಶುಹತ್ಯೆಯೆಂದು ಕರೆಯುವುದಿಲ್ಲ. ನಮ್ಮ ಭಿನ್ನಾಭಿಪ್ರಾಯ ಬೇರೆಡೆ ಇದೆ. ಸಂತಾನ ಮಿತಿಗೊಳಿಸಲು ವಿವಾಹಿತ ದಂಪತಿಗಳು ಬಳಸಿದ ಸಾಧನವು ವಿಫಲವಾದರೆ, ಅದರಿಂದಾಗುವ ಮನೋವೇದನೆಯನ್ನೇ ತಾಯಿಯ ಮಾನಸಿಕ ಆರೋಗ್ಯಕ್ಕೆ ಒದಗಿದ ಗಂಭೀರ ಹಾನಿಯೆಂದು ಭಾವಿಸಬಹುದೆಂದು ಆ ಕಾಯಿದೆಯ ವಿವರಣೆಯೊಂದು ಹೇಳಿತು. ಪ್ರಾಣರಕ್ಷಣೆಗೆಂದು ತೆರೆದ ಬಾಗಿಲಿನೊಳಗೆ ಕುಟುಂಬ ಯೋಜನೆಯೂ ನುಸುಳಿತು. ಶಿಶುವಿನ ಜೀವವು ತಕ್ಕಡಿಯ ಒಂದು ತಟ್ಟೆಯಲ್ಲಿದೆ ಎಂಬುದು ಆ ವಾಕ್ಯದಲ್ಲಿ ಎಲ್ಲಿಯೂ ಕಾಣಿಸದು.

ಮುಂದಿನ ಎರಡು ದಶಕಗಳಲ್ಲಿ ಅನಿರೀಕ್ಷಿತವಾದ ತಿರುವೊಂದು ಬಂದಿತು. ಗರ್ಭಸ್ಥ ಶಿಶುವಿನ ಆರೋಗ್ಯವನ್ನು ಅರಿಯಲೆಂದು ಬಂದ ಪರೀಕ್ಷೆಗಳು ಹೆಣ್ಣು ಶಿಶುವನ್ನು ಗುರುತಿಸಿ ಅಳಿಸುವ ಆಯುಧಗಳಾದವು. ಮಹಿಳಾ ಸಂಘಟನೆಗಳ ಹೋರಾಟದ ಫಲವಾಗಿ 1988ರಲ್ಲಿ ಮಹಾರಾಷ್ಟ್ರವು ಇಂತಹ ಪರೀಕ್ಷೆಗಳನ್ನು ನಿಯಂತ್ರಿಸುವ ಕಾಯಿದೆಯನ್ನು ಮಾಡಿತು. 1994ರಲ್ಲಿ ಸಂಸತ್ತು ಇದಕ್ಕಾಗಿ ಕೇಂದ್ರ ಶಾಸನವನ್ನು ರಚಿಸಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಆದರೂ ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೂ, 2011ರಲ್ಲಿ 920ಕ್ಕಿಂತ ಕೆಳಕ್ಕೂ ಇಳಿಯಿತು. ಈ ಪಿಡುಗು ದೂರದ ಉತ್ತರ ರಾಜ್ಯಗಳದೆಂದು ನಾವು ಸಮಾಧಾನ ಪಡುವಂತಿಲ್ಲ. 2023ರ ಕೊನೆಯಲ್ಲಿ ನಮ್ಮದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ನಡೆಯುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದ ಸುದ್ದಿಯನ್ನು ಓದಿ ನಾಡೇ ತಲೆತಗ್ಗಿಸಿತು. ಬೆಲ್ಲ ಕಾಯಿಸುವ ಮನೆಯಲ್ಲಿ ವಿಷ ಕುದಿಯುತ್ತಿತ್ತು.

ಇಲ್ಲಿ ನಾವು ಒಂದು ತತ್ತ್ವವನ್ನು ಗಮನಿಸಬೇಕು. ಹೆಣ್ಣೆಂಬ ಕಾರಣಕ್ಕಾಗಿ ಶಿಶುವನ್ನು ಅಳಿಸಲಾಗದು ಎಂದು ಸಂಸತ್ತು ನಿಯಮ ಮಾಡಿದಾಗ, ಹುಟ್ಟದ ಶಿಶುವಿಗೆ ಅನ್ಯಾಯವಾಗಬಲ್ಲದೆಂಬುದನ್ನು ಅದು ಪರೋಕ್ಷವಾಗಿ ಒಪ್ಪಿಕೊಂಡಿತು. ಹೆತ್ತವರ ಇಚ್ಛೆಯೇ ಸಾಕೆಂದು ಅದು ಹೇಳಲಿಲ್ಲ. ಹಾಗಿದ್ದಲ್ಲಿ ಅಂಗವಿಕಲವೆಂಬ ಕಾರಣಕ್ಕಾಗಿ ಅಳಿಸಬಹುದೆ? ಈ ಪ್ರಶ್ನೆ ನಮ್ಮ ಕಾಲದ ತಿದ್ದುಪಡಿಯವರೆಗೂ ಉತ್ತರಕ್ಕಾಗಿ ಕಾದು ನಿಂತಿದೆ.

ಆ ತಿದ್ದುಪಡಿ ವಿಧೇಯಕವನ್ನು ಲೋಕಸಭೆಯು 2020ರ ಮಾರ್ಚ್ 17ರಂದೂ, ರಾಜ್ಯಸಭೆಯು 2021ರ ಮಾರ್ಚ್ 16ರಂದೂ ಅಂಗೀಕರಿಸಿದವು. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕೆಂದಾಯಿತು. ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಅವಕಾಶ ದೊರೆಯಿತು. ಶಿಶುವಿನಲ್ಲಿ ಗಣನೀಯ ನ್ಯೂನತೆ ಇದೆಯೆಂದು ವೈದ್ಯಕೀಯ ಮಂಡಲಿ ತೀರ್ಮಾನಿಸಿದರೆ ವಾರಗಳ ಮಿತಿಯೇ ಇಲ್ಲವಾಯಿತು. ಅತ್ಯಾಚಾರಕ್ಕೊಳಗಾದವರು, ಬಡವರು, ಹಳ್ಳಿಯವರು ತಡವಾಗಿ ವೈದ್ಯರ ಬಳಿಗೆ ಬರುತ್ತಾರೆ. ಅವರಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿಸುವುದು ಕ್ರೌರ್ಯವೆಂದು ಒಂದು ಪಕ್ಷ ವಾದಿಸಿತು. ಮಂಡಲಿಯ ಏರ್ಪಾಡಿನಿಂದ ಸ್ತ್ರೀಯ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಆಕ್ಷೇಪಿಸಿದವರೂ ಇದ್ದರು. ವಿಧೇಯಕವನ್ನು ಆಯ್ಕೆ ಸಮಿತಿಗೆ ಕಳುಹಿಸಬೇಕೆಂಬ ರಾಜ್ಯಸಭೆಯ ಕೆಲವು ಸದಸ್ಯರ ಬೇಡಿಕೆ ಸ್ವೀಕೃತವಾಗಲಿಲ್ಲ. ರಾಷ್ಟ್ರಪತಿಗಳ ಅಂಕಿತ ಬಿದ್ದುದು ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದ ದಿನ. ಜೀವದ ಪಾವಿತ್ರ್ಯವನ್ನು ಕುರಿತ ತಮ್ಮ ವಿಶ್ವಪತ್ರಕ್ಕೆ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1995ರಲ್ಲಿ ಸಹಿ ಹಾಕಿದ್ದೂ ಅದೇ ಹಬ್ಬದಂದು.

ನ್ಯಾಯಾಲಯಗಳಿಗೂ ಈ ತೂಕ ಸುಲಭವಾಗಿಲ್ಲ. ಅವಿವಾಹಿತ ಸ್ತ್ರೀಯರಿಗೂ 24 ವಾರಗಳವರೆಗಿನ ಅವಕಾಶ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಅದೇ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ, 26 ವಾರ ಮೀರಿದ ಗರ್ಭವನ್ನು ತೆಗೆಸಲು ವಿವಾಹಿತ ತಾಯಿಯೊಬ್ಬಳು ಕೋರಿದಾಗ, ಆಕೆಯ ಪ್ರಾಣಕ್ಕೆ ಅಪಾಯವಾಗಲಿ ಶಿಶುವಿನಲ್ಲಿ ಗಣನೀಯ ನ್ಯೂನತೆಯಾಗಲಿ ಇಲ್ಲವೆಂದು ಅನುಮತಿ ನಿರಾಕರಿಸಿತು. ನ್ಯೂನತೆ ಇದ್ದಿದ್ದರೆ? 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆಯನ್ನು ಹೆಮ್ಮೆಯಿಂದ ರಚಿಸಿದ ಸಂಸತ್ತೇ, ಹುಟ್ಟುವ ಮುನ್ನ ಅದೇ ಅಂಗವಿಕಲತೆಗಾಗಿ ಶಿಶುವಿನ ರಕ್ಷಣೆಯನ್ನು ಹಿಂತೆಗೆದುಕೊಳ್ಳುತ್ತದೆ. ಹೆಣ್ಣುಶಿಶುವಿನ ವಿಷಯದಲ್ಲಿ ತೋರಿದ ವಿವೇಕವನ್ನು ಇಲ್ಲಿಯೂ ತೋರಬೇಕೆಂಬುದು ನಮ್ಮ ವಿನಂತಿ.

ಹಲವು ಧರ್ಮಗಳ ಈ ನಾಡಿನಲ್ಲಿ ನಮ್ಮ ನಂಬಿಕೆಯನ್ನೇ ಶಾಸನವಾಗಿಸಿರೆಂದು ನಾವು ಹಟ ಹಿಡಿಯುವಂತಿಲ್ಲ. ಮೇಲೆ ಹೇಳಿದ ವಿಶ್ವಪತ್ರವೂ ಇದನ್ನು ಬಲ್ಲದು. ಗರ್ಭಪಾತದ ಶಾಸನವನ್ನು ಸಂಪೂರ್ಣ ರದ್ದುಪಡಿಸಲಾಗದಾಗ, ತನ್ನ ವಿರೋಧವನ್ನು ಸ್ಪಷ್ಟವಾಗಿ ತಿಳಿಸಿರುವ ಶಾಸಕನು ಅದರ ಹಾನಿಯನ್ನು ಕುಗ್ಗಿಸುವ ಕ್ರಮಗಳನ್ನು ಬೆಂಬಲಿಸಬಹುದೆಂದು ಅದು ಬೋಧಿಸುತ್ತದೆ. ಈ ದಾರಿಯಲ್ಲಿ ನಾವು ಕೇಳಬಹುದಾದುದು ಎರಡು. ಮೊದಲನೆಯದಾಗಿ, ಲಿಂಗಪತ್ತೆಯನ್ನು ನಿಷೇಧಿಸುವ ಶಾಸನ ಕಾಗದದ ಮೇಲೆ ಉಳಿಯದೆ ಪ್ರತಿ ಜಿಲ್ಲೆಯಲ್ಲಿಯೂ ಜಾರಿಯಾಗಬೇಕು. ಎರಡನೆಯದಾಗಿ, ಗರ್ಭಪಾತದಲ್ಲಿ ಭಾಗವಹಿಸಲೊಪ್ಪದ ವೈದ್ಯರಿಗೂ ದಾದಿಯರಿಗೂ ಮನಸ್ಸಾಕ್ಷಿಯ ರಕ್ಷಣೆ ದೊರೆಯಬೇಕು. ಬ್ರಿಟನ್ನಿನ 1967ರ ಗರ್ಭಪಾತ ಕಾಯಿದೆಯ 4ನೆಯ ಕಲಮು ಇಂತಹ ರಕ್ಷಣೆಯನ್ನು ನೀಡಿದೆ. ನಮ್ಮ ಕಾಯಿದೆಯಲ್ಲಿ ಅಂತಹ ಪ್ರತ್ಯೇಕ ಕಲಮಿಲ್ಲ. ಎಷ್ಟೋ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು ದಾದಿಯರಾಗಿ ದುಡಿಯುತ್ತಿರುವಾಗ ಇದು ನಮ್ಮ ಮನೆಯ ಪ್ರಶ್ನೆಯೂ ಹೌದು.

ಆದರೆ ಶಾಸಕರನ್ನು ಕೇಳುವ ಮುನ್ನ ನಾವು ನಮ್ಮನ್ನು ಕೇಳಿಕೊಳ್ಳಬೇಕಾದ ಮಾತುಗಳಿವೆ. ಮದುವೆಗೆ ಮುನ್ನ ಬಸುರಾದ ಹುಡುಗಿಯೊಬ್ಬಳು ನಮ್ಮ ಕೇರಿಯಲ್ಲಿ ತಲೆಯೆತ್ತಿ ನಡೆಯಬಲ್ಲಳೆ? ಆಕೆಯ ತಂದೆತಾಯಿಗಳು ಗುಟ್ಟಾಗಿ ಪೇಟೆಯ ಆಸ್ಪತ್ರೆಗೆ ಓಡುವಂತೆ ಮಾಡುವುದು ಯಾವ ಶಾಸನವೂ ಅಲ್ಲ, ನಮ್ಮ ನಾಲಿಗೆ. ಮೂರನೆಯದೂ ಹೆಣ್ಣಾಯಿತೆಂದು ಬಾಣಂತಿಯ ಮುಂದೆ ಮರುಕ ತೋರುವವರು, ಬುದ್ಧಿಮಾಂದ್ಯ ಮಗುವನ್ನು ಪೂಜೆಗೆ ಕರೆತಂದ ತಾಯಿಯತ್ತ ಹುಬ್ಬುಗಂಟಿಕ್ಕುವವರು ಜೀವದ ಪಾವಿತ್ರ್ಯವನ್ನು ಕುರಿತು ಮಾತಾಡುವ ಹಕ್ಕನ್ನು ಎಲ್ಲಿಂದ ಪಡೆದಾರು? ಹೆರಿಗೆಯ ಖರ್ಚು, ಮಗುವಿನ ಪೋಷಣೆ, ಅಂಗವಿಕಲ ಮಗುವಿನ ತಾಯಿಗೆ ವಾರದಲ್ಲೊಂದು ದಿನದ ಬಿಡುವು, ಇವುಗಳಿಗೆ ಒಂದು ಧರ್ಮಕೇಂದ್ರ ಹೊಣೆಯಾಗುವುದು ಅಸಾಧ್ಯವೇನಲ್ಲ. ಶತಮಾನೋತ್ಸವದ ನಿಧಿಯ ಒಂದು ಪಾಲು ಇದಕ್ಕೆ ಮೀಸಲಾದರೆ ಹಿರಿಯರ ಆತ್ಮಗಳು ಸಂತೋಷಪಟ್ಟಾವು.

ಗರ್ಭಪಾತ ಮಾಡಿಸಿಕೊಂಡು ಮೌನವಾಗಿ ಕೊರಗುವ ಸೋದರಿಯರು ಈ ಸಭೆಯಲ್ಲಿಯೂ ಇರಬಹುದು. ಅವರಿಗೆ ನಾವು ಹೇಳಬೇಕಾದುದು ದಂಡನೆಯ ಮಾತಲ್ಲ. ಪಶ್ಚಾತ್ತಾಪದಿಂದ ಬರುವವರಿಗೆ ಈ ಪಾಪದ ಕ್ಷಮೆಯನ್ನು ನೀಡುವ ಅಧಿಕಾರವನ್ನು ಜಗದ್ಗುರು ಫ್ರಾನ್ಸಿಸ್ ಅವರು 2016ರಲ್ಲಿ ಎಲ್ಲ ಗುರುಗಳಿಗೂ ಶಾಶ್ವತವಾಗಿ ವಿಸ್ತರಿಸಿದರು. ಪಾಪನಿವೇದನೆಯ ಪೀಠದ ಬಾಗಿಲು ತೆರೆದೇ ಇದೆ.

ಬಸುರಿಯಾದ ಮಾತೆ ಮರಿಯಮ್ಮನವರು ಬೆಟ್ಟದ ಸೀಮೆಗೆ ತ್ವರೆಯಾಗಿ ನಡೆದುಹೋದಾಗ ಎಲಿಜಬೇತಮ್ಮನವರು ಎದುರುಗೊಂಡರು; ಆ ಮನೆಯಲ್ಲಿ ಮೂರು ತಿಂಗಳ ಆಶ್ರಯ ದೊರೆಯಿತು. ಶಾಸನಗಳು ಮಾಡುವುದನ್ನು ಮಾಡಲಿ, ನಾವು ಅವುಗಳಿಗಾಗಿ ವಿನಯದಿಂದಲೂ ಧೈರ್ಯದಿಂದಲೂ ವಾದಿಸೋಣ. ಆದರೆ ಭಯದಿಂದ ನಡುಗುತ್ತಾ ಬಂದ ತಾಯಿಗೆ ಆಶ್ರಯ ನೀಡುವ ಮನೆಯಾಗಿ ನಮ್ಮ ಧರ್ಮಕೇಂದ್ರವು ತನ್ನ ಎರಡನೆಯ ಶತಮಾನವನ್ನು ಆರಂಭಿಸಲಿ ಎಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.