ಬ್ಯಾಂಕಿನ ಚಿಕ್ಕಮ್ಮ

ಕಪ್ಪು ಗೌನಿನ ಸೆಕೆ ತಡೆದುಕೊಂಡು ಕೂತಿರುವ ಪದವೀಧರರೇ, ಹಿಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದಿರುವ ತಂದೆತಾಯಂದಿರೇ,

ಘಟಿಕೋತ್ಸವದಲ್ಲಿ ದೊಡ್ಡವರ ಹೆಸರು ಹೇಳುವುದು ವಾಡಿಕೆ. ಮೈಸೂರಿನಲ್ಲಿ ಅದಕ್ಕೆ ಬರವಿಲ್ಲ. 1916ರಲ್ಲಿ ನಮಗೊಂದು ವಿಶ್ವವಿದ್ಯಾನಿಲಯ ಕೊಟ್ಟ ಮಹಾರಾಜ ನಾಲ್ವಡಿಯವರಿದ್ದಾರೆ. ಅದಕ್ಕೂ ಹತ್ತು ವರ್ಷ ಮೊದಲೇ ಪದವಿ ಪಡೆದ ಮಹಾರಾಣಿ ಕಾಲೇಜಿನ ರುಕ್ಮಿಣಿಯಮ್ಮ ಮತ್ತವರ ಜೊತೆಯವರಿದ್ದಾರೆ. ನಾನು ಹೇಳಹೊರಟಿರುವುದು ನಮ್ಮ ಚಿಕ್ಕಮ್ಮನ ಬಗ್ಗೆ. ಹೆಸರು ಹೇಳುವುದಿಲ್ಲ. ಮೈಕಿನಲ್ಲಿ ತಮ್ಮ ಹೆಸರು ಕೇಳಿದರೆ ಸಿಡುಕುತ್ತಿದ್ದ ಹೆಂಗಸು.

ಐವತ್ತರ ದಶಕದಲ್ಲಿ ಬಿ.ಎ. ಮುಗಿಸಿ ಬ್ಯಾಂಕ್ ಆಫ್ ಮೈಸೂರಿಗೆ ಗುಮಾಸ್ತೆಯಾಗಿ ಸೇರಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಶುರುವಾದ ಬ್ಯಾಂಕು ಅದು. 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು, 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. ಚಿಕ್ಕಮ್ಮ ಮೂರನ್ನೂ ಕಂಡರು. ಅವರಿಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿದ್ದದ್ದು 1957ರ ಏಪ್ರಿಲ್ 1. ಅಂದು ಆಣೆ ಹೋಗಿ ನಯಾಪೈಸೆ ಬಂತು. ಹದಿನಾರಾಣೆಯ ರೂಪಾಯಿಗೆ ಈಗ ನೂರು ಪೈಸೆ. ಅಂದರೆ ಒಂದಾಣೆಗೆ ಆರೂಕಾಲು. ಆ ಕಾಲು ಪೈಸೆ ಎಲ್ಲಿಂದ ತರುವುದು? ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಸಲೀಸು, ಮಿಕ್ಕಿದ್ದೆಲ್ಲ ಜಗಳ. ಸಂತೇಪೇಟೆಯ ವ್ಯಾಪಾರಿಗಳು ಕೌಂಟರಿಗೆ ಬಂದು ಸರ್ಕಾರವನ್ನು ಬೈದರೆ, ಉತ್ತರ ಕೊಡಬೇಕಾದವಳು ಇಪ್ಪತ್ತು ದಾಟಿದ ಹುಡುಗಿ. ಕೊಟ್ಟರು. ಗಂಡಸರ ಎದುರು ದನಿ ಏರಿಸದೆ ಲೆಕ್ಕ ಒಪ್ಪಿಸುವುದನ್ನು ಆ ವರ್ಷವೇ ಕಲಿತೆ ಅನ್ನುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಅವರು ಮ್ಯಾನೇಜರು.

ಬ್ಯಾಂಕಿಗೆ ಮುಂಚೆ ಪೂಜೆ. ಬೆಳಗಿನ ಆರರ ಪೂಜೆ ತಪ್ಪಿಸಿದ್ದನ್ನು ನಾನು ಕಾಣೆ. ಪ್ರವಾಸಿಗರು 175 ಅಡಿಯ ಅವಳಿ ಗೋಪುರಗಳನ್ನು ನೋಡಿ ಫೋಟೋ ಹಿಡಿಯುವ, 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಚರ್ಚು ಅವರಿಗೆ ದಿನದ ಮೊದಲ ನಿಲ್ದಾಣ. ಅಲ್ಲಿ ಲ್ಯಾಟಿನ್ ಹೋಗಿ ನಮ್ಮ ಭಾಷೆಗಳು ಬಂದದ್ದನ್ನು ಮೊಣಕಾಲೂರಿಯೇ ಕೇಳಿಸಿಕೊಂಡರು. 1961ರಲ್ಲಿ ರೋಮ್, ಫಿಲೋಮಿನಾಳ ಹಬ್ಬವನ್ನೇ ಪೂಜಾ ಪಂಚಾಂಗದಿಂದ ತೆಗೆದುಹಾಕಿತು. 1802ರಲ್ಲಿ ನೆಲದಡಿಯ ಸಮಾಧಿಯಲ್ಲಿ ಸಿಕ್ಕ ಅಸ್ಥಿ, ಹೆಂಚಿನ ಮೇಲಿನ ಬರಹ ಬಿಟ್ಟರೆ ಆಕೆಯ ಬದುಕಿಗೆ ಆಧಾರವಿರಲಿಲ್ಲ. ಹಬ್ಬದ ದಿನವಾದ ಆಗಸ್ಟ್ 11 ಬಂದಾಗ ಚಿಕ್ಕಮ್ಮ ಎಂದಿನಂತೆ ಮೇಣದಬತ್ತಿ ಹಿಡಿದು ಹೊರಟರು. ‘ದಾಖಲೆ ಇಲ್ಲ ಅಂದ್ರೆ ಆಸಾಮಿನೇ ಇರಲಿಲ್ಲ ಅಂತಲ್ಲ’ ಅಂದರಂತೆ. ಕಚೇರಿಯಲ್ಲಿ ರುಜು ಹೊಂದದೆ ಒಂದು ರೂಪಾಯಿ ಕದಲಿಸದವರ ಮಾತು ಇದು!

ಅವರು ಮದುವೆಯಾಗಲಿಲ್ಲ. ಕಥೋಲಿಕ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಎರಡು ದಾರಿ ಕಾಣುತ್ತಿತ್ತು: ಗಂಡನ ಮನೆ, ಇಲ್ಲವೇ ಕಾನ್ವೆಂಟು. ಇವೆರಡರ ನಡುವೆ ಬದುಕಿದವರೂ ಇದ್ದರು. ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆ ಕಟ್ಟಿದ ಒಲಿಂಡಾ ಪಿರೇರಾ ಅವರನ್ನು ನೆನೆಯಿರಿ. ಅವರು ಸೇರಿದ್ದ ಧಾರ್ಮಿಕ ಸಭೆ ಹುಟ್ಟಿದ್ದು 1790ರಲ್ಲಿ, ಫ್ರಾನ್ಸಿನ ಕ್ರಾಂತಿ ಮಠಗಳನ್ನು ಮುಚ್ಚಿಸುತ್ತಿದ್ದಾಗ. ಹಾಗಾಗಿ ಆ ಸೋದರಿಯರಿಗೆ ವ್ರತವುಂಟು, ಮಠದ ಉಡುಪಿಲ್ಲ. ನಮ್ಮ ಚಿಕ್ಕಮ್ಮ ಆ ವ್ರತವನ್ನೂ ತೊಡಲಿಲ್ಲ. ಸಿಸ್ಟರ್‌ಗಳು ಕರೆದಾಗ ‘ನನಗೆ ಸಂಬಳ ಬೇಕು’ ಅಂದುಬಿಟ್ಟರು.

ಒಂಟಿಯಾಗಿ ಉಳಿಯುವುದು ಆಯ್ಕೆಯೇ ಅಲ್ಲದ ಕಡೆಯೂ ಇತ್ತು. ವಿರಾಜಪೇಟೆಯ ಸಿ. ಬಿ. ಮುತ್ತಮ್ಮ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಹೆಣ್ಣು ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಬೇಕಿತ್ತು. ಸಂಸಾರ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಆ ಸುದ್ದಿ ಓದಿದ ದಿನ ಚಿಕ್ಕಮ್ಮ ಪೇಪರು ಮಡಿಸಿ, ‘ಗಂಡಸರು ಯಾರ ಅನುಮತಿ ಕೇಳ್ತಾರಂತೆ?’ ಎಂದದ್ದು ನನಗೆ ನೆನಪಿದೆ.

ನೆಂಟರಿಷ್ಟರು ಅವರನ್ನು ತ್ಯಾಗಮಯಿ ಅನ್ನುತ್ತಿದ್ದರು. ನಾನು ಒಪ್ಪುವುದಿಲ್ಲ. ನಮ್ಮ ಫೀಸು ಕಟ್ಟಿದ್ದು ನಿಜ, ರಸೀದಿ ಕೇಳಿ ತೆಗೆದಿಟ್ಟದ್ದೂ ನಿಜ. ಆದರೆ ವರ್ಷಕ್ಕೊಂದು ಮೈಸೂರು ರೇಷ್ಮೆ ಸೀರೆ ಕೊಂಡವರು, ತಮ್ಮ ಹೆಸರಿನಲ್ಲೇ ಸೈಟು ಮಾಡಿ ಮನೆ ಕಟ್ಟಿದವರು, ತಪಸ್ಸುಕಾಲದ ನಲವತ್ತು ದಿನ ಕಾಫಿ ಬಿಟ್ಟು ಮನೆಮಂದಿಯನ್ನೆಲ್ಲ ಗೋಳು ಹೊಯ್ದುಕೊಂಡು, ಈಸ್ಟರ್ ಬೆಳಿಗ್ಗೆ ಎರಡು ಲೋಟ ಒಟ್ಟಿಗೆ ಕುಡಿದವರು ಅವರು. ಇಂಥ ಬದುಕಿಗೆ ‘ಅಯ್ಯೋ ಪಾಪ’ ಅನ್ನುವ ಜನ ಇವತ್ತೂ ಇದ್ದಾರೆ. ನಿಮ್ಮಲ್ಲಿ ಕೆಲವರಿಗೆ ಮುಂದಿನ ವರ್ಷದಿಂದಲೇ ಅದು ಕೇಳಿಸಲಿದೆ.

ತೊಂಬತ್ತು ದಾಟಿ ತೀರಿಕೊಂಡರು. ಸಮಾಧಿಯ ಕಲ್ಲಿಗೆ ಬರೆಸುವಾಗ ಮನೆಯಲ್ಲಿ ಚರ್ಚೆಯಾಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಯುವ ಸಾಲಿನಲ್ಲಿ ಏನು ಹಾಕುವುದು? ಅಕ್ಕ ಹೇಳಿದಳು, ‘ಬಿ.ಎ., ಬ್ಯಾಂಕ್ ಮ್ಯಾನೇಜರ್’. ದೇವರ ಮುಂದೆ ಡಿಗ್ರಿ ಯಾಕೆ ಎಂದು ಹಿರಿಯರೊಬ್ಬರು ಗೊಣಗಿದರು. ಕೆತ್ತುವವನು ಅಕ್ಷರಕ್ಕೆ ಇಷ್ಟೆಂದು ಲೆಕ್ಕ ಹಾಕಿದ. ಚೌಕಾಸಿ ಮಾಡಿಯೇ ಕೊಟ್ಟೆವು, ಅವರಿದ್ದಿದ್ದರೂ ಮಾಡುತ್ತಿದ್ದರು.