ದವಾಖಾನೆ ಬಿಲ್ಲಿಗೂ ಒಂದು ಮಿತಿ ಬೇಕು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳೆಸಾಲ, ಗೊಬ್ಬರದ ವಿಷಯ ನಮಗಿಂತ ಮೊದಲು ಮಾತಾಡಿದವರು ಹೇಳಿಬಿಟ್ಟಾರ. ನಾವು ದವಾಖಾನೆ ಬಿಲ್ಲಿನ ಬಗ್ಗೆ ಎರಡು ಮಾತು ಹೇಳ್ತೀವಿ.

2021ರಲ್ಲಿ ನಮ್ಮ ಅಣ್ಣಾರಿಗೆ ಹರ್ನಿಯಾ ಆಪರೇಷನ್ ಆಯ್ತು. ಖಾಸಗಿ ದವಾಖಾನೆ, ಹೆಸರು ಬ್ಯಾಡ. ಡಾಕ್ಟರ್ ಫೀ ಮೊದಲೇ ಹೇಳಿದ್ದರು, ಒಪ್ಪಿದ್ದೆವು. ಬಿಲ್ಲು ಕೈಗೆ ಬಂದಾಗ ನೋಡಿದರೆ ರೂಮಿನ ಬಾಡಿಗೆ, ಥಿಯೇಟರ್ ಚಾರ್ಜು, ನರ್ಸಿಂಗ್ ಚಾರ್ಜು, ಕೈಗವಸಿಗೆ ಬ್ಯಾರೆ! ಇವೇ ಡಾಕ್ಟರ್ ಫೀ ದಾಟಿದ್ದವು. ರೇಟು ಏರಲಿ ಅಂತ ಇಟ್ಟಿದ್ದ ಭತ್ತದ ಚೀಲ ಸಿಕ್ಕ ರೇಟಿಗೆ ಮಾರಿ ಕಟ್ಟಿದಿವಿ. ಆಯುಷ್ಮಾನ್ ಇತ್ತಲ್ಲ ಅಂತೀರಿ. ಸರ್ಕಾರಿ ದವಾಖಾನೆಯ ರೆಫರ್ ಚೀಟಿ ಇಲ್ಲದೆ ನೇರ ಹೋಗಿದ್ದು ನಮ್ಮ ತಪ್ಪು. ಆಗ ಯಶಸ್ವಿನಿಯೂ ಇರಲಿಲ್ಲ.

ಯಶಸ್ವಿನಿ ಹುಟ್ಟಿದ್ದೇ ಸಹಕಾರಿ ಸಂಘದ ಸದಸ್ಯರಿಗಾಗಿ. ಡಾ. ದೇವಿಶೆಟ್ಟಿ ಅವರ ಆಲೋಚನೆ. 2003ರಲ್ಲಿ ಜಾರಿಗೆ ಬಂದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗ ಸೇರಿಸಿ ನಿಲ್ಲಿಸಿದರು. 2023ರ ಜನವರಿಯಿಂದ ಮತ್ತೆ ಬಂತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಚಿಕಿತ್ಸೆ 5 ಲಕ್ಷದವರೆಗೆ.

ಇದರೊಳಗ ನಮಗೆ ಹಿಡಿಸಿದ್ದು ಪ್ಯಾಕೇಜ್ ದರ. ಭತ್ತ ಕೊಯ್ಯೋ ಮಷಿನ್ ಗಂಟೆ ಲೆಕ್ಕದಾಗ ಬಂದರೆ ಡ್ರೈವರ್ ನಿಧಾನ ಮಾಡಿದಷ್ಟೂ ನಮ್ಮ ಕಿಸೆ ಖಾಲಿ. ಎಕರೆಗೆ ಇಷ್ಟು ಅಂತ ಗುತ್ತಿಗೆ ಆದರೆ ತಡ ಆದದ್ದು ಅವನ ಲುಕ್ಸಾನು. ಹಂಗೇ ಇಲ್ಲಿ ಹಾಸಿಗೆ, ಥಿಯೇಟರ್, ಡಾಕ್ಟರ್, ಔಷಧಿ ಎಲ್ಲಾ ಸೇರಿ ಒಂದು ಆಪರೇಷನ್ನಿಗೆ ಒಂದೇ ದರ, ಮೊದಲೇ ಗೊತ್ತು ಮಾಡಿದ್ದು. ಆದರೆ ಗುತ್ತಿಗೆ ರೇಟು ತೀರಾ ಕಮ್ಮಿ ಇಟ್ಟರೆ ಕೆಸರು ಗದ್ದೆಗೆ ಮಷಿನ್ನೇ ಬರೋದಿಲ್ಲ. ದವಾಖಾನೆಯವರೂ ಹಂಗೇ ಹಿಂದೆ ಸರೀತಾರ. ಅದಕ್ಕ ದರವನ್ನ ಆಗಾಗ ಪರಿಷ್ಕರಿಸಬೇಕು ಅಂತ ಸಂಘಗಳೇ ಸರ್ಕಾರಕ್ಕ ಕೇಳಬೇಕು. ಕಟ್ಟೋರು ಸರ್ಕಾರ, ನಾವ್ಯಾಕ ಕೇಳೋದು ಅಂತ ನಮ್ಮ ಕೆಲವು ಗೆಳೆಯರು ಅಂತಾರ. ದವಾಖಾನೆ ಸಿಗದಿದ್ದರೆ ತಿರುಗಾಡೋರು ಯಾರು?

ಇನ್ನೊಂದು. ಈ ದರ ಜನರಲ್ ವಾರ್ಡಿಗೆ. ಬೀಗರು ನೋಡಾಕ ಬರ್ತಾರಂತ ಸ್ಪೆಷಲ್ ರೂಮ್ ಹಿಡಿದರೆ ಹೆಚ್ಚಿನ ಹಣ ನಿಮ್ಮದೇ.

ಹೋದ ವರ್ಷ ನಮ್ಮ ಸದಸ್ಯೆಯೊಬ್ಬರಿಗೆ, ಪ್ಯಾಕೇಜ್ ಇದ್ದರೂ, ಥಿಯೇಟರಿಗೆ ಅಂತ ಕೈಯಾಗ ರೊಕ್ಕ ಕೇಳಿದರಂತ. ಆ ತಾಯಿ, "ಕೊಡ್ತೀನಿ, ರಸೀದಿ ಕೊಡ್ರಿ" ಅಂದರಂತ. ಕೇಳಿದವರು ಮತ್ತೆ ಆ ಕಡೆ ಬರಲಿಲ್ಲ.

ನೋಂದಣಿ ತೆರೆದಾಗ ರೇಷನ್ ಕಾರ್ಡು, ಆಧಾರ್ ತಗೊಂಡು ಸಂಘದ ಆಫೀಸಿಗೆ ಬರ್ರಿ. ಕೊನೇ ದಿನ ಗದ್ದಲ ಮಾಡಬ್ಯಾಡ್ರಿ. ನಮ್ಮ ಕಾರ್ಯದರ್ಶಿ ಒಬ್ಬರೇ ಇದ್ದಾರ.